ಸ್ಕೇಲಪ್ಪನವರ ಹತ್ತು ನಿಮಿಷದ ಹಾಡು

“ನೋಡ್ತಾ ಇರು, ಇನ್ನು ನೂರೇ ದಿನ! ನೂರನೇ ದಿನ ನಾನು ಹಾಡೋ ಹಾಡಿಗೆ ಆಸ್ಪತ್ರೆ ಗೋಡೆಗಳೂ ತಲೆದೂಗಬೇಕು!” ಎಂದು ಸ್ಕೇಲಪ್ಪನವರು ಎದೆಯುಬ್ಬಿಸಿ ಸಾರಿದಾಗ ಅವರ ಹೆಂಡತಿ ಥರ್ಮಾಮೀಟರು ಹುಡುಕತೊಡಗಿದರು.

ಸ್ಕೇಲಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ನೀರು ಸರಬರಾಜು ಕಚೇರಿಯಲ್ಲಿ ಪೈಪುಗಳ ನಕ್ಷೆ ಬರೆಯುವ ಅವರು ಜೇಬಿನಲ್ಲಿ ಸ್ಕೇಲಿಲ್ಲದೆ ಹೊಸ್ತಿಲು ದಾಟಿದವರಲ್ಲ. ಅದಕ್ಕಾಗಿ ಸಹೋದ್ಯೋಗಿಗಳು ದಯಪಾಲಿಸಿದ ಬಿರುದು ಅದು. ಹೆಂಡತಿ ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನ ನರ್ಸು. ಮೂವತ್ತೆರಡು ವರ್ಷ ನಿಂತ ಕಾಲಲ್ಲೇ ದುಡಿದು ಇನ್ನು ನೂರು ದಿನಕ್ಕೆ ನಿವೃತ್ತರಾಗುವವರು. ಅಷ್ಟು ವರ್ಷದಲ್ಲಿ ಸ್ಕೇಲಪ್ಪನವರು ಆಕೆಗೆ ಒಂದು ಸಲವೂ ಬಾಯಿಬಿಟ್ಟು ‘ನಿನ್ನಿಂದ ಉಪಕಾರವಾಯಿತು’ ಎಂದದ್ದಿಲ್ಲ. ಮಾತಿನಲ್ಲಿ ಬಾರದ್ದನ್ನು ಹಾಡಿನಲ್ಲಿ ಹೇಳಿಬಿಡುವ ಮಹಾ ಯೋಜನೆ ಇದು!

ಅವರು ಮೊದಲು ಮಾಡಿದ ಕೆಲಸ ಗ್ರಾಫ್ ಬರೆದದ್ದು. ಅಡ್ಡಕ್ಕೆ ಗಂಟೆ, ಉದ್ದಕ್ಕೆ ಗುಣಮಟ್ಟ, ನಡುವೆ ಓರೆಯಾಗಿ ಮೇಲೇರುವ ನೇರ ಗೆರೆ. “ಬೆವರು ಹರಿದಷ್ಟೂ ರಾಗ ಹರಿಯುತ್ತೆ. ಪೈಪಿಗೂ ಇದೇ ನಿಯಮ, ಪಲ್ಲವಿಗೂ ಇದೇ!” ಎಂದು ಮಗಳಿಗೆ ವಿವರಿಸಿದರು. ಪರಿಚಯದವರೊಬ್ಬರ ಅಟ್ಟದಿಂದ ಹಳೆಯ ಹಾರ್ಮೋನಿಯಂ ಇಳಿದು ಬಂತು. ಸಾಮಾನಿನ ಕೋಣೆ ಸಂಗೀತಶಾಲೆಯಾಯಿತು.

ಅಲ್ಲಿಂದ ಶುರುವಾಯಿತು ನೋಡಿ! ಇವರು ಹಾರ್ಮೋನಿಯಂನ ಒಂದು ಮನೆ ಒತ್ತಿದರೆ ಅಕ್ಕಪಕ್ಕದ ನಾಲ್ಕು ಮನೆಯ ಕಿಟಕಿಗಳು ಧಡಧಡನೆ ಮುಚ್ಚುತ್ತಿದ್ದವು. ಒಲೆಯ ಮೇಲೆ ಹಾಲು ಉಕ್ಕಿತು, ತೊಟ್ಟಿ ತುಂಬಿ ನೀರು ನಡುಮನೆಗೆ ನುಗ್ಗಿತು, ಬೆಕ್ಕು ಮನೆ ಬಿಟ್ಟಿತು. ಇವರಿಗೆ ತಾಳ ತಪ್ಪಿದಷ್ಟೂ ಮನೆಯವರಿಗೆ ತಾಳ್ಮೆ ತಪ್ಪಿತು.

“ಅಪ್ಪಾ, ನಿನ್ನ ಚರಣಕ್ಕೆ ಬೀಳ್ತೀನಿ, ಸ್ವಲ್ಪ ನಿಲ್ಸು!” ಎಂದಳು ಮಗಳು.

“ಯಾವ ಚರಣಕ್ಕೆ? ಈಗಾಗಲೇ ಐದು ಬರೆದಿದೀನಿ!”

ಹಾಡು ಕಚೇರಿಗೂ ಹರಿಯಿತು. ಒಂದು ದಿನ ಎಂಜಿನಿಯರು ನಕ್ಷೆ ಹಿಡಿದು ಬಂದರು. “ಏನ್ರೀ ಇದು, ಈ ವಾಲ್ವ್ ಮೇಲೆ ‘ಗ’ ಅಂತ ಬರೆದಿದೀರಿ?”

“ಗಾಂಧಾರ, ಸಾರ್.”

“ನೀರು ಎಲ್ಲಿ ಬಿಡಬೇಕು ಹಾಗಾದ್ರೆ?”

“ಪಂಚಮದಲ್ಲಿ, ಸಾರ್” ಎಂದು ಬಾಯಿಗೆ ಬಂದೇಬಿಟ್ಟಿತು!

ನೂರನೆಯ ದಿನ ಬೆಳಗಾಯಿತು. ಹಾಡು ಸಿದ್ಧ: ಏಳು ಚರಣ, ಹತ್ತೊಂಬತ್ತು ನಿಮಿಷ. ಹೆಂಡತಿ ಕೊನೆಯ ಡ್ಯೂಟಿಗೆ ಹೊರಟುಹೋಗಿದ್ದರು. ಸಂಜೆ ನಾಲ್ಕಕ್ಕೆ ವಾರ್ಡಿನಲ್ಲೇ ಬೀಳ್ಕೊಡುಗೆ. ಕೊನೆಯ ಅಭ್ಯಾಸವೆಂದು ಸ್ಕೇಲಪ್ಪನವರು ಆವೇಶದಿಂದ ತಿದಿ ಒತ್ತಿದರು. ಪರ್ರ್! ಹಾರ್ಮೋನಿಯಂನ ಹೊಟ್ಟೆ ಉದ್ದಕ್ಕೆ ಹರಿಯಿತು. ಪೈಪಿಗೆ ಸುತ್ತುವ ಟೇಪು ಸುತ್ತಿ ನೋಡಿದರು. ಎಮ್ಮೆಗೆ ನೆಗಡಿಯಾದಂತೆ ಒಂದು ಸ್ವರ ಬಂತು, ಆಮೇಲೆ ಅದೂ ಇಲ್ಲ. ಅದರ ಆಸರೆಯಿಲ್ಲದೆ ಆ ಏಳು ಚರಣಗಳಲ್ಲಿ ಒಂದೂ ಇವರ ಗಂಟಲಿಗೆ ದಕ್ಕಲಿಲ್ಲ.

ನೂರು ದಿನ ನೀರಲ್ಲಿ ಹೋಮವಾಯಿತಲ್ಲ ಎಂದು ಮಂಕಾಗಿ ಅಂಗಿಗೆ ಇಸ್ತ್ರಿ ಹಾಕುತ್ತಾ ನಿಂತವರಿಗೆ ಇದ್ದಕ್ಕಿದ್ದಂತೆ ಒಂದು ರಾಗ ಎದ್ದುಬಂತು. ಪುಟ್ಟದು, ನಾಲ್ಕೇ ಸಾಲಿನದು, ಬೆಚ್ಚಗಿನದು. ಪದಗಳು ಹಿಂದೆಯೇ ಓಡಿಬಂದವು. ಹತ್ತೇ ನಿಮಿಷ! ಅಷ್ಟರಲ್ಲಿ ಅಂಗಿಯ ಬೆನ್ನು ಕರಕಲಾಗಿತ್ತು. ಯಾರಿಗೆ ಬೇಕು ಅಂಗಿ!

“ಚೆನ್ನಾಗಿದೆ ಅಪ್ಪಾ! ಆದ್ರೆ ಎಲ್ಲೋ ಕೇಳಿದ ಹಾಗಿದೆಯಲ್ಲ?” ಎಂದಳು ಮಗಳು.

“ಮಹಾ ರಾಗಗಳೆಲ್ಲ ಹಾಗೇ ಅನ್ಸೋದು!” ಎಂದ ಸ್ಕೇಲಪ್ಪನವರು ಗ್ರಾಫನ್ನು ಹರಿದೆಸೆದರು. “ಪ್ರತಿಭೆ ಇರೋನಿಗೆ ಗಂಟೆ ಲೆಕ್ಕ ಯಾಕಮ್ಮಾ?”

ವಾರ್ಡಿನಲ್ಲಿ ಡಾಕ್ಟರು, ಆಯಾ, ಕಾವಲುಗಾರ ಎಲ್ಲ ನೆರೆದಿದ್ದರು. ಹಾಸಿಗೆಗಳಲ್ಲಿ ಹನ್ನೊಂದು ಮಕ್ಕಳು. ಬೆನ್ನನ್ನು ಗೋಡೆಗೆ ಅಂಟಿಸಿಕೊಂಡು ನಿಂತ ಸ್ಕೇಲಪ್ಪನವರು, “ಈ ಹಾಡು ಕಟ್ಟೋಕೆ ನಂಗೆ ಹಿಡಿದಿದ್ದು ಬರೀ ಹತ್ತು ನಿಮಿಷ!” ಎಂದು ಪೀಠಿಕೆ ಹಾಕಿ ಮೊದಲ ಸಾಲು ಎತ್ತಿದರು.

ಹನ್ನೊಂದು ಮಕ್ಕಳೂ ಮರುಮಾತಿಲ್ಲದೆ ಅಂಗಿಯ ತೋಳು ಮಡಿಚಿ, ಕೈ ಚಾಚಿ, ಮುಖವನ್ನು ಆ ಕಡೆ ತಿರುಗಿಸಿಕೊಂಡರು!

ಎರಡನೆಯ ಸಾಲಿಗೆ ಇವರು ಬಾಯಿ ತೆರೆಯುವ ಮೊದಲೇ ಇಡೀ ವಾರ್ಡು ಅದರ ರಾಗವನ್ನು ಗುನುಗತೊಡಗಿತು. ಡಾಕ್ಟರೂ! ಅದೂ ಇವರಿಗಿಂತ ಶ್ರುತಿಯಲ್ಲಿ!

“ನಿಮಗೆಲ್ಲ ಹೇಗೆ ಗೊತ್ತು?” ಸ್ಕೇಲಪ್ಪನವರು ಹಾಡು ನಿಲ್ಲಿಸಿ ಕೇಳಿದರು.

ಆಯಾ ನಕ್ಕಳು. “ಇದು ನಮ್ಮ ಸಿಸ್ಟರ್ ರಾಗ ಅಲ್ವಾ ಸಾರ್? ಸೂಜಿ ಚುಚ್ಚೋವಾಗ ಮಕ್ಕಳಿಗೆ ಹಾಡೋದು.”

ಸ್ಕೇಲಪ್ಪನವರು ಹೆಂಡತಿಯತ್ತ ತಿರುಗಿದರು. “ಮನೇಲಿ ಒಂದು ದಿನಾನೂ ಹಾಡಿಲ್ವಲ್ಲೇ?”

“ಹಾಡದೆ ಏನು? ನಿಮಗೆ ಜ್ವರ ಬಂದಾಗೆಲ್ಲ ಹಣೆಗೆ ಬಟ್ಟೆ ಹಾಕ್ತಾ ಇದನ್ನೇ ಹಾಡಿದೀನಿ. ಎರಡನೇ ಸಾಲಿಗೆ ಗೊರಕೆ ಹೊಡೀತೀರಿ.”

“ಎಷ್ಟು ದಿನ ಹಿಡೀತು ಇದನ್ನ ಕಟ್ಟೋಕೆ?”

“ಮೊದಲ ವರ್ಷ ಸೂಜಿಗಿಂತ ನನ್ನ ಹಾಡಿಗೇ ಮಕ್ಕಳು ಜಾಸ್ತಿ ಅಳ್ತಿದ್ವು. ಅಳು ಬಂದ ಕಡೆ ತಿದ್ದಿದೆ, ಅಳು ನಿಂತ ಕಡೆ ಹಾಗೇ ಬಿಟ್ಟೆ. ಅಷ್ಟೇ.”

ಅಷ್ಟೇ! ಸ್ಕೇಲಪ್ಪನವರಿಗೆ ಕಣ್ಣು ಮಂಜಾಯಿತು. ಒಂದು ಮಗುವಿನ ಅಳುವಿಗೆ ಒಂದು ತಿದ್ದುಪಡಿ. ಹೀಗೆ ಮೂವತ್ತೆರಡು ವರ್ಷ. ಅದನ್ನು ತಾನು ಜ್ವರದ ಮಂಪರಿನಲ್ಲಿ ಬಿಟ್ಟಿಯಾಗಿ ಕುಡಿದು, ಹತ್ತು ನಿಮಿಷದ ಪ್ರತಿಭೆಯೆಂದು ಮೀಸೆ ತಿರುವಿದ್ದು! ಅವರು ಕೈ ಮುಗಿದರು. ಏಳು ಚರಣಗಳಲ್ಲಿ ಹೇಳಲಾಗದ್ದು ಆಗ ಸಲೀಸಾಗಿ ಬಾಯಿಗೆ ಬಂತು: “ನಿನ್ನಿಂದ ತುಂಬಾ ಉಪಕಾರ ಆಯ್ತು ಕಣೇ. ಎಲ್ಲಾದಕ್ಕೂ.”

ಹೆಂಡತಿ ಮಕ್ಕಳ ಮಡಿಚಿದ ತೋಳುಗಳನ್ನು ಒಂದೊಂದಾಗಿ ಇಳಿಸುತ್ತಾ ಬಂದರು. ಕೊನೆಯ ಹಾಸಿಗೆ ಮುಗಿಸಿ, ಕಣ್ಣೊರೆಸಿಕೊಂಡು ಕೇಳಿದರು: “ರಾಗ ಹೋಗ್ಲಿ, ಪದಗಳು ನಿಮ್ಮವೇ ತಾನೇ?”

“ಹೌದು! ಪೂರ್ತಿ ನನ್ನವೇ!” ಸ್ಕೇಲಪ್ಪನವರ ಎದೆ ಮತ್ತೆ ಕೊಂಚ ಉಬ್ಬಿತು.

“ಗೊತ್ತಾಯ್ತು ಬಿಡಿ. ತಿದ್ದೋಕೆ ಇನ್ನೂ ಮೂವತ್ತೆರಡು ವರ್ಷ ಬೇಕು. ನಾಳೆಯಿಂದ ನಾನು ಮನೇಲೇ ಇರ್ತೀನಲ್ಲ, ಇಬ್ಬರೂ ಕೂತ್ಕೊಳ್ಳೋಣ.”