ಬಿಳಿ ಟರ್ಕಿಯ ಒಳಬಣ್ಣ

ಒಂದೇ ಕಸುಬಿನಲ್ಲಿ ಬಹಳ ವರ್ಷ ಕೂತವರಿಗೆ ಇಡೀ ಲೋಕವೇ ತಮ್ಮ ಕಸುಬಿನ ನಿಯಮದಂತೆ ನಡೆಯುತ್ತದೆ ಎಂಬ ಭ್ರಮೆ ಮೆಲ್ಲಗೆ ಅಂಟಿಕೊಳ್ಳುತ್ತದೆ. ನಮ್ಮ ಬೀದಿಯ ನಿವೃತ್ತ ಬಸ್ ಚಾಲಕರೊಬ್ಬರು ಬೆಳಗಿನ ವಾಕಿಂಗಿನಲ್ಲೂ ತಿರುವು ಬಂದರೆ ಬಲಗೈ ಚಾಚಿ ಸೂಚನೆ ಕೊಡುತ್ತಾರೆ. ಅವರನ್ನು ನೋಡಿ ನಗುತ್ತಿದ್ದ ನನಗೂ ಅದೇ ಕಾಯಿಲೆ ಇದೆ ಎಂದು ತಿಳಿಸಿಕೊಡಲು ಎರಡು ಟರ್ಕಿ ಕೋಳಿಗಳು ಬರಬೇಕಾಯಿತು. ನನ್ನದು ಶಿವಮೊಗ್ಗದ ವಿನೋಬನಗರದಲ್ಲಿ ಒಂದು ಸಣ್ಣ ಮ್ಯಾಚಿಂಗ್ ಸೆಂಟರ್. ಸೀರೆ ತಂದು ತೋರಿಸಿದರೆ ಅದಕ್ಕೆ ಹೊಂದುವ ಬ್ಲೌಸ್ ಪೀಸು, ಲಂಗ, ಫಾಲ್ಸು ಕೊಡುವುದು ಕೆಲಸ. ಅಂಗಡಿಯಲ್ಲಿಲ್ಲದ ಬಣ್ಣವನ್ನು ಕೋಟೆ ಕಡೆಯ ಡೈಯಿಂಗ್‌ನವರಿಗೆ ಹೇಳಿ ಮಾಡಿಸುತ್ತೇನೆ. ಅವರ ಬಿಸಿನೀರಿನ ಪಾತ್ರೆಯ ಪಕ್ಕ ನಿಂತು, ಸೊಸೆಯ ಸಾರಿಗೆ ಉಪ್ಪು ಹೇಳುವ ಅತ್ತೆಯ ಹಾಗೆ, "ಚೂರು ಕಪ್ಪು ಬಿಡಿ, ಸಾಕು ಸಾಕು, ಇನ್ನೊಂದಿಷ್ಟು ನೀಲಿ" ಎಂದು ಆಜ್ಞೆ ಮಾಡುವುದೆಂದರೆ ನನಗೆ ಪರಮ ಸುಖ.

ಮಲವಗೊಪ್ಪದಲ್ಲಿದ್ದ ನಮ್ಮ ಯಜಮಾನರ ಸ್ನೇಹಿತರೊಬ್ಬರು ಊರು ಬಿಡುವಾಗ ತಮ್ಮ ಜೋಡಿ ಟರ್ಕಿಗಳನ್ನು ನಮಗೆ ಒಪ್ಪಿಸಿದರು. "ನೀವು ತಿನ್ನೋರಲ್ಲ, ಅದಕ್ಕೇ ನಿಮಗೆ ಕೊಡ್ತಿದ್ದೀನಿ" ಎಂದು ಕಣ್ಣಲ್ಲಿ ನೀರು ತಂದುಕೊಂಡರಂತೆ. ಮೊಟ್ಟೆಯನ್ನೂ ಮುಟ್ಟದ ಲಿಂಗಾಯತರ ಮನೆಗೆ ಕೋಳಿ ಬಂದದ್ದು ಹೀಗೆ. ಗಂಡು ಹಾಲಿನಂಥ ಬಿಳಿ, ಹೆಣ್ಣು ಕಾಡಿಗೆ ಕಪ್ಪು. ನಮ್ಮ ಮನೆಯ ಮುಂದೆ ತುಳಸಿಕಟ್ಟೆ ಮತ್ತು ಸ್ಕೂಟರು ಬಿಟ್ಟರೆ ಮೂರನೆಯದಕ್ಕೆ ಜಾಗವಿಲ್ಲ. ಹಾಗಾಗಿ ಅವು ಭದ್ರಾವತಿಯ ನನ್ನ ನಾದಿನಿ ಗಿರಿಜಾಳ ಮನೆ ಸೇರಿದವು. ಗಿರಿಜಾಳ ಹಿತ್ತಲು ದೊಡ್ಡದು, ಮನಸ್ಸೂ ದೊಡ್ಡದು, ತಾಳ್ಮೆ ಮಾತ್ರ ಚಿಕ್ಕದು. ಟರ್ಕಿ ಗಂಡಿಗೆ ಯಾವ ಗಟ್ಟಿ ಸದ್ದು ಕೇಳಿದರೂ ಉತ್ತರ ಕೊಡುವ ಚಾಳಿ. ಕುಕ್ಕರ್ ಸೀಟಿ ಹೊಡೆದರೆ ಹಿತ್ತಲಿನಿಂದ "ಗೊಳಗೊಳಗೊಳ" ಎಂದು ಅದೂ ಒಂದು ಸೀಟಿ ಹೊಡೆಯುತ್ತಿತ್ತು. ಗಿರಿಜಾಳ ಲೆಕ್ಕ ತಪ್ಪಿ ಆ ಮನೆಯ ಬೇಳೆ ಒಂದು ದಿನ ಅರೆಬೆಂದು, ಮರುದಿನ ಗಂಜಿಯಾಗುತ್ತಿತ್ತು.

ಅವಳ ಸಿಟ್ಟು ಇಳಿಸಲು ನಾನು ಒಂದು ಆಸೆ ತೋರಿಸಿದೆ. ಮೊಬೈಲಿನಲ್ಲಿ ಬೂದು ಬಣ್ಣದ ಟರ್ಕಿಯ ಚಿತ್ರ ನೋಡಿದ್ದೆ. ಮೋಡ ಕವಿದ ಆಕಾಶದ ಬಣ್ಣ, ಎಂಥ ಸೀರೆಗೂ ಒಪ್ಪುವಂಥದ್ದು. "ಇವೆರಡರ ಮರಿ ಹಾಗೇ ಆಗುತ್ತೆ ನೋಡು" ಎಂದೆ.

"ನಿಜವಾಗ್ಲೂ ಬರುತ್ತಾ ಅತ್ತಿಗೆ?"

"ಬಿಳಿಗೆ ಕಪ್ಪು ಬೆರೆತ ಮೇಲೆ ಬೂದು ಬರದೆ ಎಲ್ಲಿಗೆ ಹೋಗುತ್ತೆ ಮಾರಾಯ್ತಿ? ಬಣ್ಣದ ವಿಷಯ ನನಗೆ ಬಿಡು."

ಹೆಣ್ಣು ಕಾವಿಗೆ ಕೂತಿತು, ಮರಿಗಳಾದವು, ಪುಕ್ಕ ಬಂತು. ಎಲ್ಲವೂ ಅಪ್ಪಟ ಕಪ್ಪು. ಅಲ್ಲೊಂದು ಇಲ್ಲೊಂದು ಗರಿಯ ಅಂಚಿನಲ್ಲಿ ತಾಮ್ರದ ಹೊಳಪು, ಅಷ್ಟೆ. ನಾನು ಮರಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದು, ಡೈಯಿಂಗ್‌ನವರ ಮುಂದೆ ಹೇಳುವ ಗತ್ತಿನಲ್ಲಿ, "ಬಿಳಿ ಕಡಿಮೆ ಬಿದ್ದಿದೆ" ಎಂದೆ. ಗಿರಿಜಾ ಮರಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ನೆಲಕ್ಕೆ ಬಿಟ್ಟಳು.

ನನ್ನ ಗಿರಾಕಿಯೊಬ್ಬರು ಪಶುವೈದ್ಯೆ. ಸಾಸಿವೆ ಬಣ್ಣದ ಸೀರೆಗೆ ಬ್ಲೌಸ್ ಪೀಸು ಹುಡುಕಿಕೊಂಡು ಬಂದಾಗ ಅವರ ಮುಂದೆ ನನ್ನ ಕಷ್ಟ ತೋಡಿಕೊಂಡೆ. ಅವರು ನಕ್ಕು ಕುರ್ಚಿ ಎಳೆದುಕೊಂಡರು. "ಕೋಳಿ ಬಣ್ಣ ಬಕೆಟ್ಟಿನಲ್ಲಿ ಬೆರೆಯಲ್ಲ ಮೇಡಂ. ಪ್ರತಿ ಹಕ್ಕಿ ಹತ್ರಾನೂ ಒಂದೊಂದು ವಿಷಯಕ್ಕೆ ಎರಡೆರಡು ಚೀಟಿ ಇರುತ್ತೆ ಅಂದ್ಕೊಳ್ಳಿ. ಅಪ್ಪಂದು ಒಂದು, ಅಮ್ಮಂದು ಒಂದು. ಬಿಳಿ ಅನ್ನೋದು ಬಣ್ಣವೇ ಅಲ್ಲ, 'ಬಣ್ಣ ಹಾಕಬೇಡಿ' ಅನ್ನೋ ಆರ್ಡರ್. ಎರಡೂ ಚೀಟೀಲಿ ಆ ಆರ್ಡರ್ ಇದ್ರೆ ಮಾತ್ರ ಹಕ್ಕಿ ಬಿಳಿ. ಒಂದರಲ್ಲೇ ಇದ್ರೆ ಸುಮ್ಮನೆ ಒಳಗೆ ಕೂತಿರುತ್ತೆ."

"ಹಾಗಾದ್ರೆ ಆ ಬಿಳಿ ಗಂಡಿನ ನಿಜವಾದ ಬಣ್ಣ ಯಾವುದು ಡಾಕ್ಟ್ರೇ?"

"ಅದು ಅದಕ್ಕೂ ಗೊತ್ತಿಲ್ಲ. ಮರಿಗಳಲ್ಲಿ ಅಮ್ಮನ ಕಪ್ಪು ಚೀಟಿ ಅದನ್ನ ಮುಚ್ಚಿಟ್ಟಿದೆ. ಈ ಕಪ್ಪು ಮರಿಗಳನ್ನೇ ಜೋಡಿ ಮಾಡಿ ನೋಡಿ, ಮೊಮ್ಮಕ್ಕಳಲ್ಲಿ ಹೊರಗೆ ಬರಬಹುದು. ಆದ್ರೆ ಬೂದಿನ ಆಸೆ ಬಿಡಿ. ಅದಕ್ಕೆ ಬೇರೆ ಚೀಟಿ ಬೇಕು, ಇದ್ದಿದ್ರೆ ಈ ಮರಿಗಳಲ್ಲೇ ಕಾಣ್ತಿತ್ತು."

ಡಾಕ್ಟರಿಗೆ ಜ್ವರ ಗೊತ್ತು, ಬಣ್ಣ ಗೊತ್ತಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ಆದರೆ ಆ ಬಿಳಿ ಗಂಡು ಮಾತ್ರ ತಲೆಯಿಂದ ಇಳಿಯಲಿಲ್ಲ. ತನ್ನ ಬಣ್ಣ ಯಾವುದೆಂದು ತಾನೇ ನೋಡದೆ ಒಂದು ಜೀವ ಅಷ್ಟು ಜಂಬದಿಂದ ಎದೆಯುಬ್ಬಿಸಿ ತಿರುಗುತ್ತದಲ್ಲ! ಅಂಗಡಿಯಲ್ಲಿ ಗಿರಾಕಿ ಗುಲಾಬಿ ಕೇಳಿದರೆ ನಾನು ಬಿಳಿ ಲೈನಿಂಗ್ ಬಟ್ಟೆ ಹಿಡಿದು ಯೋಚಿಸುತ್ತಾ ನಿಂತಿರುತ್ತಿದ್ದೆ.

ಮುಂದಿನ ಭಾನುವಾರ ಭದ್ರಾವತಿಗೆ ಹೋದಾಗ ಗಿರಿಜಾಳ ತೀರ್ಪು ಸಿದ್ಧವಾಗಿತ್ತು. ಬಿರಿಯಾನಿ ಹೋಟೆಲ್ಲಿನವನೊಬ್ಬ ಬಂದು ಹಕ್ಕಿಗಳನ್ನು ನೋಡಿಕೊಂಡು ಹೋಗಿದ್ದನಂತೆ. "ಇದೊಂದು ಸಲ ನೋಡ್ತೀನಿ ಅತ್ತಿಗೆ. ಬೂದು ಬಂದ್ರೆ ಎಲ್ಲ ಇಲ್ಲೇ ಇರ್ಲಿ. ಬರ್ಲಿಲ್ಲಾಂದ್ರೆ ಅವನಿಗೆ ಫೋನ್ ಮಾಡ್ತೀನಿ. ನನಗೂ ಸಾಕಾಗಿದೆ." ತಿನ್ನುವುದಿಲ್ಲವೆಂದು ನಂಬಿ ಕೊಟ್ಟ ಜೀವಗಳು ನನ್ನ ಬಡಾಯಿಯಿಂದ ಬಾಣಲೆ ಸೇರುವುದೇ! ಆದರೂ ಬಾಯಿ ಮಾತ್ರ "ಬರುತ್ತೆ ಬಿಡು" ಎಂದಿತು. ಜೋಡಿ ಮಾಡಬೇಕಾದದ್ದು ಒಡಹುಟ್ಟಿದವುಗಳನ್ನು ಎಂದು ತಿಳಿದಾಗ ಗಿರಿಜಾ ಕೆನ್ನೆ ಕೆನ್ನೆ ಬಡಿದುಕೊಂಡು "ಶಿವಶಿವಾ, ಅಣ್ಣ ತಂಗೀನಾ?" ಎಂದಳು. ಕೋಳಿಗೆ ಗೋತ್ರವಿಲ್ಲವೆಂದು ನಾನು, ನಮ್ಮ ಹಿತ್ತಲಿಗೆ ಬಂದ ಮೇಲೆ ಅವಕ್ಕೂ ಇದೆಯೆಂದು ಅವಳು. ಕೊನೆಗೆ ಆ ಮರಿಗಳು ಬೆಳೆದು ದೊಡ್ಡವಾದ ಮೇಲೆ, ಗಂಡು ಹೆಣ್ಣುಗಳ ನಡುವಿನ ಬೇಲಿಯ ಬಾಗಿಲನ್ನು ನಾನೇ ತೆಗೆದೆ. ಅವಳು ಅತ್ತ ಮುಖ ತಿರುಗಿಸಿ ವಿಭೂತಿ ಹಚ್ಚಿಕೊಂಡಳು.

ಹೊಸ ಮರಿಗಳಲ್ಲಿ ಹೆಚ್ಚಿನವು ಕಪ್ಪು, ಒಂದು ಹಳದಿ, ಒಂದು ಕಂದು ಪಟ್ಟೆಯದು. ಬೂದು ಇಲ್ಲ. "ಮರಿಯ ಬಣ್ಣ ನಂಬೋ ಹಾಗಿಲ್ಲ, ಪುಕ್ಕ ಬರ್ಲಿ" ಎಂದು ಕೆಲವು ತಿಂಗಳು ತಳ್ಳಿದೆ. ಪುಕ್ಕವೂ ಬಂತು. ಹಳದಿ ಮರಿ ಅಜ್ಜನಂತೆ ಬೆಳ್ಳಗಾಯಿತು. ಗಿರಿಜಾ ಹೋಟೆಲ್ಲಿನವನಿಗೆ ಫೋನ್ ಮಾಡಿದ್ದಾಳೆಂದು ತಿಳಿದು ನಾನು ಅಂಗಡಿ ಮುಚ್ಚಿ ಬಸ್ಸು ಹತ್ತಿದೆ. ಅಲ್ಲಿ ಹೋಗಿ ನೋಡಿದರೆ ಅವಳು ಹಿತ್ತಲಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಅವಳ ಮುಂದೆ ಆ ಕಂದು ಮರಿ ಬಿಸಿಲಿನಲ್ಲಿ ನಿಂತು ಮೈ ಕೊಡವುತ್ತಿತ್ತು. ಕಂಚಿನ ಬಣ್ಣ. ಹೀಗೆ ತಿರುಗಿದರೆ ಹಸಿರು, ಹಾಗೆ ತಿರುಗಿದರೆ ತಾಮ್ರ, ನಡುವೆ ಒಂದು ಎಳೆ ನೇರಳೆ. ಹಾಸಿನ ನೂಲು ಒಂದು ಬಣ್ಣ, ಹೊಕ್ಕಿನ ನೂಲು ಇನ್ನೊಂದು ಇಟ್ಟು ನೇಯ್ದ ಡಬಲ್ ಶೇಡ್ ರೇಷ್ಮೆ!

"ಅಪ್ಪ ಕಪ್ಪು, ಅಮ್ಮ ಕಪ್ಪು, ಅಜ್ಜಿ ಕಪ್ಪು, ಅಜ್ಜ ಬಿಳಿ. ಇದು ಎಲ್ಲಿಂದ ಬಂತು ಅತ್ತಿಗೆ?" ಎಂದು ಗಿರಿಜಾ ಪಿಸುಗುಟ್ಟಿದಳು.

"ಅಜ್ಜನ ಬಿಳಿಯ ಒಳಗಿತ್ತು ಗಿರಿಜಾ. ಅಷ್ಟು ದಿನದಿಂದ ಅಲ್ಲೇ ಇತ್ತು." ಚೀಟಿಯ ಕಥೆಯನ್ನೆಲ್ಲ ಹೇಳಿದೆ. ಅವಳು ಕೇಳುತ್ತ ಕೇಳುತ್ತ ಹೊಸ ಬಿಳಿ ಮರಿಯ ಕಡೆ ತಿರುಗಿದಳು. ಅಷ್ಟರಲ್ಲಿ ಹೋಟೆಲ್ಲಿನವನು ಬೈಕಿಗೆ ಬುಟ್ಟಿ ಕಟ್ಟಿಕೊಂಡು ಬಂದ.

"ಇವತ್ತು ಬೇಡ ಹೋಗಪ್ಪ" ಎಂದಳು ಗಿರಿಜಾ. "ಈ ಬಿಳೀದು ಬೆಳೀಬೇಕು. ಇದರ ಒಳಗೆ ಏನಿದೆ ಅಂತ ನೋಡಬೇಕು."

"ಒಳಗೆ ಏನಿರುತ್ತಮ್ಮಾ, ಮಾಂಸಾನೇ" ಎಂದು ಅವನು ಗೊಣಗುತ್ತ ಬೈಕು ತಿರುಗಿಸಿದ. ಬೈಕಿನ ಸದ್ದಿಗೆ ಅಜ್ಜ ಟರ್ಕಿ ಹಿತ್ತಲೆಲ್ಲ ಅದುರುವಂತೆ ಉತ್ತರ ಕೊಟ್ಟಿತು. ಸಂತೋಷಕ್ಕೆ ನನ್ನ ಕಣ್ಣು ಒದ್ದೆಯಾಯಿತು. ಗೆದ್ದವರು ಸ್ವಲ್ಪ ವಿನಯ ತೋರಿಸಬೇಕಲ್ಲ ಎಂದು ನಾನು, "ಏನೇ ಆದ್ರೂ ನಾನು ಹೇಳಿದ ಬೂದು ಬರ್ಲಿಲ್ಲ ನೋಡು. ಬಿಳಿ, ಕಪ್ಪು ಬೆರೆತ್ರೆ ಬೂದು ಅನ್ನೋದೇ ಸುಳ್ಳಾಯ್ತು" ಎಂದೆ.

ಗಿರಿಜಾ ಹತ್ತಿರ ಬಂದು ನನ್ನ ತಲೆಯನ್ನು ಬಿಸಿಲಿಗೆ ಬಾಗಿಸಿ, ಬೈತಲೆಯನ್ನು ಬೆರಳಿನಿಂದ ಬಿಡಿಸಿ ನೋಡಿದಳು.

"ಯಾಕೆ ಸುಳ್ಳು ಅತ್ತಿಗೆ? ಇಲ್ಲಿ ಚೆನ್ನಾಗೇ ಬಂದಿದೆ. ಡೈ ಹಾಕಿ ಎಷ್ಟು ದಿನ ಆಯ್ತು?"

ಶಿವಮೊಗ್ಗಕ್ಕೆ ಮರಳುವ ಬಸ್ಸಿನಲ್ಲಿ, ಅಷ್ಟು ಸೆಕೆಯಿದ್ದರೂ, ತಲೆಯ ಮೇಲೆ ಸೆರಗು ಎಳೆದುಕೊಂಡು ಕೂತೆ.