ನನ್ನ ಮೂಗಿನ ನಕ್ಷೆ

ಮೊನ್ನೆ ನನ್ನ ಮೊಮ್ಮಗಳು ರಮ್ಯಳ ಕೆಲಸ ಕಾಯಂ ಆಯಿತು. ಈ ಸುದ್ದಿಯನ್ನು ಹಾಲಿನವನಿಗೆ, ಚನ್ನರಾಯಪಟ್ಟಣದ ಬೀಗರಿಗೆ, ರಾಂಗ್ ನಂಬರ್ ಎಂದು ಫೋನಿಡಲು ಹೊರಟ ಒಬ್ಬ ಪುಣ್ಯಾತ್ಮನಿಗೂ ಹೇಳಿದ್ದೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಸಂತೋಷವನ್ನು ಅಳೆದು ಬರೆಯಲು ಬರುವುದಿಲ್ಲ, ಚೆಲ್ಲಿದರೆ ಒರೆಸಿಕೊಳ್ಳಿ.

ಹಾಸನದ ಒಂದು ಆಲೂಗಡ್ಡೆ ಕೋಲ್ಡ್ ಸ್ಟೋರೇಜಿನಲ್ಲಿ ಮೂವತ್ತು ವರ್ಷ ನನ್ನ ಮೂಗಿನದೇ ದರ್ಬಾರು. ಯಾವ ಲಾರಿಯಲ್ಲಿ ಕೊಳೆತ ಮಾಲಿದೆ ಎಂದು ಚೀಲ ಬಿಚ್ಚದೆ ಹೇಳುತ್ತಿದ್ದೆ. ಈಗ ಮಂಡಿಚಿಪ್ಪು ಸವೆದಿದೆ, ಕೆಲಸ ಬಿಡಬೇಕು. ಅಲ್ಲಿಗೇ ತಾತ್ಕಾಲಿಕವಾಗಿ ಸೇರಿದ್ದ ರಮ್ಯಳಿಗೆ ಮಾಲೀಕರು, "ತಾತನ ತಲೇಲಿರೋದನ್ನೆಲ್ಲ ಹಾಳೆಗಿಳಿಸಮ್ಮ. ಅದನ್ನ ನೋಡಿ ಹೊಸಬರು ಕೆಟ್ಟ ಲೋಡು ಹಿಡಿದ್ರೆ ನೀನು ಕಾಯಂ, ಇಲ್ದಿದ್ರೆ ಈ ತಿಂಗಳೇ ಕೊನೆ" ಎಂದರು.

ಅವಳು ಹಳೇ ಕ್ಯಾಲೆಂಡರಿನ ಹಿಂಬದಿ ಹರಡಿಕೊಂಡು ಕೂತಳು. ಒಂದೊಂದು ವಿಷಯಕ್ಕೆ ಒಂದು ಸುತ್ತು, ಸುತ್ತಿನಿಂದ ಸುತ್ತಿಗೆ ಬಾಣ, ಬಾಣದ ಮೇಲೆ 'ಆದ್ದರಿಂದ' ಎಂದು ಬರಹ. ಕಾನ್ಸೆಪ್ಟ್ ಮ್ಯಾಪ್ ಅಂತೆ. ನನಗೆ ಕುಂಟೆಬಿಲ್ಲೆ ಆಡುವವರು ಜಗಳವಾಡಿ ಎದ್ದುಹೋದ ಅಂಗಳದಂತೆ ಕಂಡಿತು.

"ಎಂಗೆ ಗೊತ್ತಾಯ್ತದೆ ತಾತ?"

"ವಾಸ್ನೆ ಕಣವ್ವ."

"ಟಾರ್ಪಾಲ್ ಮುಚ್ಚಿದ್ ಲಾರೀಲಿ ಯಾವ್ ವಾಸ್ನೆ? ಸುಳ್ಳೇಳ್ಬ್ಯಾಡ. ಏನ್ ಕಂಡ್ರೆ ಅನ್ಮಾನ ಬತ್ತದೆ, ಅದೇಳು."

ಮೂರು ದಿನ ಹೀಗೆ ಕೆದಕಿದಳು. ದುದ್ದದ ಕಡೆ ಮಳೆ ಬಿದ್ದ ಮಾರನೇ ದಿನ ಅಗೆದ ಮಾಲು, ಒದ್ದೆ ಚೀಲದ ತಳ, ನೊಣ, ಎಲ್ಲ ಸುತ್ತಿನೊಳಗೆ ಸೇರಿದವು. ಕೊನೆಗೆ ಬಾಯಿಬಿಟ್ಟೆ. ಹಗ್ಗ ಬಿಚ್ಚುವ ಮೊದಲೇ ಡ್ರೈವರ್ ನನ್ನನ್ನು ಟೀಗೆ ಕರೆದರೆ ತಳದಲ್ಲಿ ಕೊಳೆತಿದೆ ಎಂದರ್ಥ. ಜೊತೆಗೆ ಬನ್ನೂ ಕೊಡಿಸಿದರೆ ಅರ್ಧ ಲೋಡೇ ಹೋಗಿದೆ. ಅವಳು ನಗದೆ 'ಟೀ' ಎಂದು ದೊಡ್ಡ ಸುತ್ತು ಹಾಕಿದಳು. ಮುಕ್ಕಾಲು ಪಾಲು ಬಾಣಗಳು ಅಲ್ಲಿಗೇ ಹೋದವು.

"ಅದೊಂದ ಅಳಿಸವ್ವ, ಮಾನ ಓಯ್ತದೆ."

"ಅಳಿಸಿದ್ರೆ ನನ್ ಕೆಲ್ಸ ಓಯ್ತದೆ."

ನನ್ನ ಮಾನವೂ ಮೂವತ್ತು ವರ್ಷ ದುಡಿದು ದಣಿದಿತ್ತು. ಹೋಗಲಿ ಎಂದೆ.

ಮೊನ್ನೆ ಬೆಳಗ್ಗೆ ಪರೀಕ್ಷೆ. ಅರಕಲಗೂಡಿನಿಂದ ಲಾರಿ ಬಂತು. ಹೊಸದಾಗಿ ಸೇರಿದ ಹೊಳೆನರಸೀಪುರದ ಹೆಂಗಸು ಹಾಳೆ ಹಿಡಿದು ನಿಂತಿದ್ದಳು. ಡ್ರೈವರ್ ಇಳಿದವನೇ, "ಬನ್ನಿ ಅಕ್ಕ, ಟೀ ಕುಡ್ಯಾಣ" ಎಂದ. ಅವಳು ಹಾಳೆ ನೋಡಿದಳು, ಅವನನ್ನು ನೋಡಿದಳು. "ಮೊದ್ಲು ತಳದ್ ಚೀಲ ಇಳ್ಸಪ್ಪ" ಎಂದಳು. ಚೀಲ ಇಳಿಯುವ ಮುಂಚೆಯೇ ಅದರ ನೀರು ಇಳಿಯಿತು.

ಮಾಲೀಕರು ನನ್ನತ್ತ ತಿರುಗಿದರು. "ಇಷ್ಟು ವರ್ಷ ಅವರ ಟೀ ಕುಡಿದೂ ಲೋಡು ವಾಪಸ್ ಕಳಿಸ್ತಿದ್ರಾ?"

"ಕುಡುದ್ಮ್ಯಾಲೇ ಕಳಿಸ್ತಿದ್ದೆ ಸಾ."

ಅವರು ನಗುತ್ತಲೇ ರಮ್ಯಳ ಕಾಗದಕ್ಕೆ ಸಹಿ ಹಾಕಿದರು.

ಅವತ್ತು ಸಂಜೆ ಮಗ, ಸೊಸೆ, ರಮ್ಯ, ನಾನು, ನನ್ನ ಹೆಂಡತಿ ಒಟ್ಟಿಗೆ ಬಸ್ಸಾರು ಮುದ್ದೆಗೆ ಕೂತೆವು. ನಾನು "ಸಾಕು" ಎಂದೆ. ಹೆಂಡತಿ ಇನ್ನೊಂದು ಮುದ್ದೆ ಇಟ್ಟಳು.

"ತಾತ ಸಾಕು ಅಂದ್ನಲ್ಲ ಅಜ್ಜಿ?"

"ತಟ್ಟೆಗೆ ಕೈ ಅಡ್ಡ ಇಟ್ಟು ಸಾಕು ಅಂದ್ರೆ ಸಾಕು. ತಟ್ಟೆ ಮುಂದಕ್ ತಳ್ಳಿ ಸಾಕು ಅಂದ್ರೆ ಇನ್ನೊಂದು ಬೇಕು ಅಂತ."

ರಮ್ಯ ಸಾರಿನ ಕೈಯಲ್ಲೇ ಪೆನ್ಸಿಲ್ ಹುಡುಕಲು ಎದ್ದಳು. ನಾನು ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡೆ, ಮುದ್ದೆ ಸಮೇತ.