ಹಾಲಿನ ಸೊಸೈಟಿಯಲ್ಲಿ ಅರ್ಧ ಗಂಟೆ ನಡಿಗೆ

ಸರಕಾರಿ ಸುತ್ತೋಲೆಯನ್ನು ಕೊನೆಯ ಸಾಲಿನವರೆಗೆ ಓದುವ ಮನುಷ್ಯ ಇಡೀ ಕಡಬ ತಾಲೂಕಿನಲ್ಲಿ ಒಬ್ಬರೇ ಇದ್ದಾರೆ, ಅವರು ನನ್ನ ಚಿಕ್ಕಪ್ಪ. ಬರೀ ಓದಿ ಸುಮ್ಮನಾಗಿದ್ದರೆ ನಾನೇಕೆ ಇದನ್ನು ಬರೆಯುತ್ತಿದ್ದೆ? ಓದಿದ್ದನ್ನು ಪಾಲಿಸಿಯೂ ಬಿಡುತ್ತಾರೆ!

ಕೋಡಿಂಬಾಳದ ಕಡೆಯ ಒಂದು ಪುಟ್ಟ ಹಾಲಿನ ಸೊಸೈಟಿಗೆ ಅವರು ಕಾರ್ಯದರ್ಶಿ. ಅಲ್ಲಿಗೆ ದೈಹಿಕ ಚಟುವಟಿಕೆಯ ಹೊಸ ಮಾರ್ಗಸೂಚಿ ಬಂತು. ದೊಡ್ಡವರು ದಿನಕ್ಕೆ ಅರ್ಧ ಗಂಟೆಯಾದರೂ ಚುರುಕಾಗಿ ನಡೆಯಬೇಕು, ಸಂಘಸಂಸ್ಥೆಗಳು ಇದನ್ನು ತಾವೂ ಪಾಲಿಸಿ ಸದಸ್ಯರಿಗೂ ತಿಳಿಸಬೇಕು ಎಂದಿತ್ತು. ಉಳಿದ ಸಂಘದವರು ಏನು ಮಾಡಿದರು? ನೋಟಿಸ್ ಬೋರ್ಡಿಗೆ ಅಂಟಿಸಿ, ಅದರ ಕೆಳಗೇ ಕುರ್ಚಿ ಹಾಕಿ ಕೂತರು. ನಮ್ಮ ಚಿಕ್ಕಪ್ಪ ಬಿಡುವವರೇ?

ಅವರ ಹಟಕ್ಕೆ ಕಾರಣ ಚಿಕ್ಕಮ್ಮ. ಅವರಿಗೆ ಸಕ್ಕರೆ ಕಾಯಿಲೆ. "ಇನ್ನು ಮಾತ್ರೆಯಿಂದ ಮಾತ್ರ ಆಗುದಿಲ್ಲ, ದಿನಾ ನಡೀಲೇಬೇಕು, ಇಲ್ಲದಿದ್ರೆ ಜೀವಕ್ಕೇ ಕಷ್ಟ ಉಂಟು" ಎಂದು ಪುತ್ತೂರಿನ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಚಿಕ್ಕಮ್ಮನದ್ದು ಒಂದೇ ಮಾತು: "ಕೆಲಸ ಇಲ್ಲದೆ ರಸ್ತೆಯಲ್ಲಿ ನಡೆಯುದಾ? ನೋಡಿದವರು ಎಂತ ಹೇಳಿಯಾರು?" ಊರಿಗೆ ಊರೇ ನಡೆದರೆ ಇವಳಿಗೆ ನಾಚಿಕೆ ಎಲ್ಲಿಂದ ಬರಬೇಕು ಎಂಬುದು ಚಿಕ್ಕಪ್ಪನ ಉಪಾಯ!

ಮೊದಲು ಆಡಳಿತ ಮಂಡಳಿಯ ಕುರ್ಚಿಗಳು ಮಾಯವಾದವು. ಇನ್ನು ಮುಂದೆ ನಿಂತೇ ಸಭೆ! ಎರಡು ಗಂಟೆ ಎಳೆಯುತ್ತಿದ್ದ ಸಭೆ ಹತ್ತೇ ನಿಮಿಷದಲ್ಲಿ ಮುಗಿಯಿತು. ಗೋಡೆಗೆ ಒರಗಿ ನಿದ್ದೆ ಹೋಗಿದ್ದ ಅಧ್ಯಕ್ಷರಿಗೆ ಮಾತ್ರ ಅದು ಗೊತ್ತಾಗಲಿಲ್ಲ.

ಆಮೇಲೆ ಹಾಲು ಹಾಕುವವರ ಸರದಿ. "ಸ್ಕೂಟರನ್ನು ಕೆಳಗಿನ ತಿರುವಿನಲ್ಲೇ ನಿಲ್ಲಿಸಿ, ಕ್ಯಾನು ಹಿಡಿದು ಗುಡ್ಡೆ ಹತ್ತಿ ಚುರುಕಾಗಿ ಬನ್ನಿ" ಎಂದು ಬೋರ್ಡು ಬಿತ್ತು. ರಬ್ಬರ್ ಮರಗಳ ಟ್ಯಾಪಿಂಗ್ ಮುಗಿಸಿ ಬಂದವರೊಬ್ಬರು ಅದನ್ನು ನೋಡಿ ಕೆಂಡವಾದರು.

"ಬೆಳಗ್ಗಿನಿಂದ ಮುನ್ನೂರು ಮರ ಸುತ್ತಿ ಬಂದಿದ್ದೇನೆ ಮಾರಾಯ್ರೆ! ಇನ್ನು ನಿಮ್ಮ ವ್ಯಾಯಾಮ ಬೇರೆ ಉಂಟಾ?"

"ಅದು ಕೆಲಸ, ಇದು ಆರೋಗ್ಯ!" ಎಂದರು ಚಿಕ್ಕಪ್ಪ.

ಅಷ್ಟು ಚುರುಕಾಗಿ ಗುಡ್ಡೆ ಹತ್ತಿದ ಹಾಲು ಸುಮ್ಮನಿರುತ್ತದೆಯೇ? ಕುಲುಕಿ ಕುಲುಕಿ ನೊರೆಯೆದ್ದು, ಫ್ಯಾಟ್ ನೋಡುವ ಯಂತ್ರ ಎಲ್ಲರ ಹಾಲಿಗೂ ತಲೆಬುಡ ಇಲ್ಲದ ಅಂಕಿ ತೋರಿಸಿತು. ಚಿಕ್ಕಪ್ಪನ ನೆರೆಯವರೂ ಮಂಡಳಿಯ ನಿರ್ದೇಶಕಿಯೂ ಆದ ವಾರಿಜಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತರು. "ನನ್ನ ದನದ ಮರ್ಯಾದೆ ತೆಗೆದ್ರಲ್ಲ!" ಸಂಜೆಯೊಳಗೆ ಮಂಡಳಿ ಸಭೆ ಸೇರಿ, ಅದೂ ಕೂತುಕೊಂಡೇ, ಮಾರ್ಗಸೂಚಿ ನೋಟಿಸ್ ಬೋರ್ಡಿನಲ್ಲೇ ಇರಲಿ ಎಂದು ತೀರ್ಮಾನಿಸಿತು.

ಆಗ ಚಿಕ್ಕಪ್ಪ ಸೋತ ದನಿಯಲ್ಲಿ, "ನಿಮ್ಮನ್ನೆಲ್ಲ ನಡೆಸಿ ನನಗೆಂತ ಆಗ್ಲಿಕ್ಕುಂಟು? ಅವಳೊಬ್ಬಳು ನಡೆದ್ರೆ ಸಾಕಿತ್ತು" ಎಂದರಂತೆ.

ಮರುದಿನ ಸಂಜೆ ನಾನು ಅವರ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆ. ವಾರಿಜಕ್ಕ ಗೇಟಿನಿಂದಲೇ ಕೂಗಿದರು: "ಅಕ್ಕಾ, ಮೇಲಿನ ಮನೆಗೆ ಒಂದು ಹಿಡಿ ಕರಿಬೇವು ಕೊಡ್ಲಿಕ್ಕುಂಟು. ಒಬ್ಬಳೇ ಹೋಗ್ಲಿಕ್ಕೆ ಉದಾಸೀನ, ಬರ್ತೀರಾ?"

ಕೆಲಸ ಎಂದಮೇಲೆ ಚಿಕ್ಕಮ್ಮ ಹಿಂದೆ ಸರಿಯುವವರಲ್ಲ. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು! ಮಾರನೆಯ ದಿನ ಅಧ್ಯಕ್ಷರ ಹೆಂಡತಿ ಬಂದರು. ಅದರ ಮರುದಿನ ಆ ಟ್ಯಾಪಿಂಗಿನವರ ತಾಯಿ. ಎಲ್ಲರ ಕೈಯಲ್ಲೂ ಕರಿಬೇವು, ಎಲ್ಲರೂ ಮೇಲಿನ ಮನೆಗೇ!

ಆ ಮೂರನೆಯ ಸಂಜೆ ಅವರು ಗೇಟು ದಾಟುವಾಗ, "ಅಲ್ಲ ಚಿಕ್ಕಪ್ಪ, ಮೇಲಿನ ಮನೆಯ ಅಂಗಳದಲ್ಲೇ ದೊಡ್ಡ ಕರಿಬೇವಿನ ಮರ ಉಂಟಲ್ಲ?" ಎಂದೆ.

"ಮೆಲ್ಲ ಹೇಳು ಮಾರಾಯ, ಅವಳಿಗೆ ಕೇಳೀತು!"

ದಾರಿಯುದ್ದಕ್ಕೂ ಚಿಕ್ಕಮ್ಮನ ನಗು ಕೇಳಿಸುತ್ತಿತ್ತು. ಅದು ದೂರವಾಗುವವರೆಗೂ ಚಿಕ್ಕಪ್ಪ ಗೇಟು ಹಿಡಿದು ನಿಂತೇ ಇದ್ದರು. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ನನ್ನ ಮುಖ ನೋಡದೆ ಹೇಳಿದರು: "ಅವಳಿಲ್ಲದಿದ್ರೆ ನನಗೆ ಆಗುದಿಲ್ಲ."